ಹರಕೆಯ ಹುಂಜ, ಪಾಗಾರದಾಚೆಯ ಸಾರ್

ಹುಂಜ ಕೆಂಪಾಗಿತ್ತು ಎಂದು ನನ್ನ ನೆನಪು. ಅಕ್ಕನನ್ನು ಕೇಳಿದರೆ ಕಪ್ಪು ಎನ್ನುತ್ತಾಳೆ, ಅದೂ ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಗತ್ತಿನಲ್ಲಿ. ತಮ್ಮನಿಗೆ ಬಣ್ಣವೇ ನೆನಪಿಲ್ಲ. ಅದು ತಲೆ ಓರೆ ಮಾಡಿ ನೋಡುತ್ತಿದ್ದದ್ದು ಮಾತ್ರ ನೆನಪಿದೆಯಂತೆ. ಒಂದೇ ಅಂಗಳದಲ್ಲಿ ಅದರ ಹಿಂದೆ ಓಡಿದ ಮೂವರ ಕತೆ ಇದು. ಆದ್ದರಿಂದ ಮುಂದೆ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಯಾವುವು ಎಂದು ಗೊತ್ತಿದ್ದರೆ ತಿದ್ದುತ್ತಿದ್ದೆ.

ಇನ್ನೊಂದು ತೊಡಕೂ ಇದೆ. ನಮ್ಮ ಮನೆಯಲ್ಲಿ ಆಡುತ್ತಿದ್ದದ್ದು ತುಳು. ಈ ಕತೆಯಲ್ಲಿ ಎಲ್ಲರೂ ಕನ್ನಡ ಮಾತನಾಡುತ್ತಾರೆ, ಅಂದರೆ ಅವರ ಬಾಯಿಗೆ ಮಾತು ಹಾಕಿದವಳು ನಾನು. ಪಾಗಾರದಾಚೆಯ ಸಾರ್ ಒಬ್ಬರ ಮಾತು ಮಾತ್ರ ಅವರು ಆಡಿದ ಭಾಷೆಯಲ್ಲೇ ಇದೆ. ವಿಚಿತ್ರವೆಂದರೆ ನಮ್ಮ ಅನುಮಾನವೆಲ್ಲ ಇದ್ದದ್ದು ಅವರ ಮೇಲೆಯೇ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ಅಮ್ಮ ಬೊಂಬಾಯಿಯಲ್ಲಿದ್ದರು. ನಾವು ಮೂವರು ಕಾಪುವಿನ ಅಜ್ಜಿಯ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆವು. ಅಕ್ಕ ಏಳನೆಯ ಕ್ಲಾಸು, ನಾನು ಐದನೆಯದು, ತಮ್ಮ ಒಂದನೆಯದು. ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ. ಅವರು ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರು. ಬೆಳಿಗ್ಗೆ ನಮ್ಮ ಜಡೆ ಹಾಕಿ ಬಸ್ಸಿಗೆ ಓಡುವುದು, ಸಂಜೆ ಬಂದು ನಮ್ಮ ಕೋಪಿ ಪುಸ್ತಕ ನೋಡಿ ಕಿವಿ ಹಿಂಡುವುದು, ಇದು ಅವರ ದಿನಚರಿ.

ಅಂಗಳದ ಕೊನೆಗೆ ಮುರಕಲ್ಲಿನ ಪಾಗಾರ, ಅಂದರೆ ಕಾಂಪೌಂಡು ಗೋಡೆ. ಅದರಾಚೆ ಬಾಯಮ್ಮನ ಬಾಡಿಗೆ ಮನೆ. ಬಾಯಮ್ಮ ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಹೆಂಗಸು. ಮಗ ಗಲ್ಫಿನಲ್ಲಿದ್ದದ್ದರಿಂದ ಆ ಪುಟ್ಟ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಆ ವರ್ಷ ಅಲ್ಲಿಗೆ ಬಂದವರು ಘಟ್ಟದ ಮೇಲಿನ ಒಬ್ಬ ಸಾರ್. ಒಂಟಿ ಮನುಷ್ಯ, ದಪ್ಪ ಕನ್ನಡಕ, ಮಣಿಪಾಲದ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಕೆಲಸ. ಮೊಟ್ಟೆ ಕೂಡ ಮುಟ್ಟದವರು.

ಅಕ್ಕನಿಗೆ ಮೊದಲ ದಿನದಿಂದಲೇ ಅವರ ಮೇಲೆ ಕಣ್ಣು. ಮಣಿಪಾಲದಲ್ಲಿ ಕೆಲಸ ಇಟ್ಟುಕೊಂಡು ಕಾಪುವಿನಲ್ಲಿ ಮನೆ ಯಾಕೆ? ಬಾಯಮ್ಮ ಕೇಳಿದ್ದಕ್ಕೆ “ಸಮುದ್ರ ನೋಡಬೇಕು ಅಂತ ಆಸೆ” ಎಂದಿದ್ದರಂತೆ.

“ಸಮುದ್ರ ನೋಡಲಿಕ್ಕೆ ಯಾರಾದ್ರೂ ಮನೆ ಮಾಡ್ತಾರಾ? ಅದರಲ್ಲಿ ನೋಡಲಿಕ್ಕೆ ಎಂತ ಉಂಟು?” ಎಂದಳು ಅಕ್ಕ. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿ ಎದ್ದ ನಮಗೂ ಅದು ಸುಳ್ಳೆಂದೇ ತೋರಿತು.

ಇನ್ನು ಹುಂಜದ ವಿಷಯ. ಹಿಂದಿನ ಮಳೆಗಾಲದಲ್ಲಿ ತಮ್ಮನಿಗೆ ಜ್ವರ ಬಂದು ಇಳಿಯಲೇ ಇಲ್ಲ. ಡಾಕ್ಟರ ಔಷಧಿ ಒಂದು ಕಡೆ ನಡೆಯುತ್ತಿರುವಾಗ ಅಜ್ಜಿ ಮನೆಯ ದೈವಕ್ಕೆ ಹರಕೆ ಹೇಳಿಕೊಂಡರು: ಮಗು ಎದ್ದು ಕೂತರೆ ಮುಂದಿನ ನೇಮಕ್ಕೆ ಒಂದು ಹುಂಜ ಒಪ್ಪಿಸುತ್ತೇನೆ. ನೇಮವೆಂದರೆ ಬಣ್ಣ ಕಟ್ಟಿದವರ ಮೈಮೇಲೆ ದೈವ ಬಂದು ನುಡಿ ಕೊಡುವ ಉತ್ಸವ. ಮಗು ಎದ್ದು ಕೂತ. ಅಜ್ಜಿ ಗೂಡಿನಿಂದ ಒಂದು ಮರಿಯನ್ನು ಆರಿಸಿ ಕಾಲಿಗೆ ನೂಲು ಕಟ್ಟಿದರು. ಹಾಗೆ ಗುರುತು ಮಾಡಿದ ಕೋಳಿಯನ್ನು ಮಾರುವಂತಿಲ್ಲ, ನೆಂಟರು ಬಂದರೂ ಕೊಯ್ಯುವಂತಿಲ್ಲ. ಅದು ಆಗಲೇ ದೈವದ ಸೊತ್ತು. ನಮ್ಮಲ್ಲಿರುವುದು ಬರೀ ಸಾಕಲಿಕ್ಕೆ.

ಸಾಕಿದವನು ತಮ್ಮ. ಜ್ವರದಿಂದ ಎದ್ದವನನ್ನು ಹೊರಗೆ ಆಡಲು ಬಿಡುತ್ತಿರಲಿಲ್ಲ, ಹುಂಜವೇ ಅವನ ಜೊತೆಗಾರ. ಅಂಗೈಯಲ್ಲಿ ಅಕ್ಕಿ ಹಿಡಿದರೆ ಅದು ಬಂದು ಕುಟ್ಟುತ್ತಿತ್ತು. ಇವನು ನೋವಾದರೂ ನಗುತ್ತಿದ್ದ.

ನೇಮದ ದಿನ ಗೊತ್ತಾದಾಗ ಅಕ್ಕ ಒಂದು ಮಾತು ಹೇಳಿಬಿಟ್ಟಳು. ಕೆಟ್ಟ ಮನಸ್ಸಿನಿಂದಲ್ಲ, ತಿಳಿದದ್ದನ್ನೆಲ್ಲ ಹೇಳಿಬಿಡುವುದು ಅವಳ ಸ್ವಭಾವ. “ಗೊತ್ತುಂಟಾ, ನಿನ್ನ ಬದಲಿಗೆ ಅದು ಹೋಗ್ತದೆ.”

“ಎಲ್ಲಿಗೆ?”

“ದೈವಕ್ಕೆ.”

“ಹೋಗದಿದ್ರೆ?”

“ಹೋಗದಿದ್ರೆ ನಿನಗೆ ಪುನಃ ಜ್ವರ ಬರ್ತದೆ.”

ತಮ್ಮ ಅಂದು ಊಟ ಮಾಡಲಿಲ್ಲ. ಮರುದಿನವೂ ತಟ್ಟೆಯ ಅನ್ನವನ್ನು ಮುಷ್ಟಿಯಲ್ಲಿ ಹಿಡಿದು ಅಂಗಳಕ್ಕೆ ಹೋಗಿ ಹುಂಜಕ್ಕೆ ಹಾಕಿ ಬಂದ. ಅಜ್ಜಿ ಗದರಿದರು, ಬೆಲ್ಲ ತೋರಿಸಿದರು, ಆಗಲಿಲ್ಲ. ಜ್ವರದಿಂದ ಎದ್ದಾಗಲೇ ಕಡ್ಡಿಯಂತಿದ್ದ ಹುಡುಗ, ಅಂಗಿಯ ಒಳಗೆ ಇನ್ನೂ ಸಣ್ಣಗಾಗುತ್ತಿದ್ದ. ಚಿಕ್ಕಮ್ಮ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಏನೋ ಪಿಸುಗುಟ್ಟಿದ್ದು ನೆನಪಿದೆ. “ನಾನು ನೋಡ್ತೇನೆ” ಎಂದರೆಂದು ನನ್ನ ಕಿವಿ ಹೇಳುತ್ತದೆ. ಆದರೆ ಆ ಮಾತು ಆಗಲೇ ಕೇಳಿದ್ದೋ, ಕತೆ ಬೇಕಾದ ಮೇಲೆ ನಾನು ಸೇರಿಸಿಕೊಂಡದ್ದೋ ಎಂದು ಪ್ರಮಾಣ ಮಾಡಿ ಹೇಳಲಾರೆ.

ಶನಿವಾರ ಬೆಳಿಗ್ಗೆ ಗೂಡು ತೆರೆದಾಗ ಹೇಂಟೆಗಳೆಲ್ಲ ಹೊರಬಂದವು. ಹುಂಜ ಬರಲಿಲ್ಲ. ಗೂಡಿನೊಳಗೆ ನೂಲಿನ ತುಂಡು ಮಾತ್ರ ಬಿದ್ದಿತ್ತು.

ಅಜ್ಜಿ ಅಂಗಳದಲ್ಲೇ ಕೂತುಬಿಟ್ಟರು. ತಮ್ಮ ಮೊದಲು ನಕ್ಕ, ಆಮೇಲೆ ತನ್ನ ಹಣೆ ಮುಟ್ಟಿ ನೋಡಿಕೊಂಡ. ಅಂದಿನಿಂದ ಅವನದು ಒಂದೇ ಕೆಲಸ. ಯಾರು ಸಿಕ್ಕಿದರೂ ಹಣೆ ಮುಂದೆ ಚಾಚುವುದು, “ಜ್ವರ ಉಂಟಾ ನೋಡು” ಎನ್ನುವುದು. ನಾನು ನೋಡಿದೆ, ಅಕ್ಕ ನೋಡಿದಳು, ಮೀನಿನ ಬುಟ್ಟಿ ಹೊತ್ತು ಬಂದ ಹೆಂಗಸು ಬುಟ್ಟಿ ಇಳಿಸಿ ನೋಡಿ, “ಇಲ್ಲ ಮಗಾ, ನನ್ನ ಬಂಗುಡೆಗಿಂತ ತಣ್ಣಗೆ ಉಂಟು” ಎಂದಳು.

ಅಕ್ಕ ಪತ್ತೇದಾರಿ ಸುರು ಮಾಡಿದಳು. ಅವಳಿಗೆ ಒಂದು ವಿದ್ಯೆ ಗೊತ್ತಿತ್ತು. ‘ಮಾಡಿದೆಯಾ’ ಎಂದು ಯಾರನ್ನೂ ಕೇಳಬಾರದು, ಮಾಡಿದ್ದಾರೆಂದು ಗೊತ್ತಿದ್ದವರ ಹಾಗೆ ಮುಂದಿನ ಪ್ರಶ್ನೆ ಕೇಳಬೇಕು. ಒಮ್ಮೆ ಡಬ್ಬಿಯಿಂದ ಬೆಲ್ಲ ಮಾಯವಾದಾಗ ಅವಳು ತಮ್ಮನನ್ನು ಕೇಳಿದ್ದು, “ಬೆಲ್ಲ ಹೇಗಿತ್ತಾ?” ಎಂದು. ಅವನು “ಸ್ವಲ್ಪ ಇರುವೆ ಇತ್ತು” ಎಂದಿದ್ದ.

ಆ ಸಂಜೆಯೇ ಸಾಕ್ಷಿ ಸಿಕ್ಕಿತು. ನಾವು ತೆಂಗಿನೆಣ್ಣೆ ತರಲು ಪೇಟೆಯ ಅಂಗಡಿಗೆ ಹೋದಾಗ ಪಾಗಾರದಾಚೆಯ ಸಾರ್ ಅಲ್ಲಿ ನಿಂತಿದ್ದರು. ಅಂಗಡಿಯವರು ಅವರಿಗೆ ಪೇಪರಿನಲ್ಲಿ ಕಟ್ಟಿಕೊಟ್ಟದ್ದು ರೊಟ್ಟಿ. ಒಂದು ಕಟ್ಟಲ್ಲ, ಎರಡು.

ಘಟ್ಟದ ಮೇಲಿನ ಓದುಗರಿಗೆ ಇದರ ಭಯಂಕರತೆ ತಿಳಿಯಲಿಕ್ಕಿಲ್ಲ. ನಮ್ಮ ಕಡೆಯ ಅಕ್ಕಿಯ ಒಣ ರೊಟ್ಟಿ ಹಪ್ಪಳದ ಹಾಗೆ ತೆಳ್ಳಗೆ, ಮುಟ್ಟಿದರೆ ಮುರಿಯುತ್ತದೆ. ಅದನ್ನು ತಟ್ಟೆಯಲ್ಲಿ ಪುಡಿ ಮಾಡಿ ಮೇಲೆ ಕೋಳಿಸಾರು ಹೊಯ್ದು, ಮೆತ್ತಗಾದ ಮೇಲೆ ತಿನ್ನುತ್ತೇವೆ. ಅಂಗಡಿಯಲ್ಲಿ ರೊಟ್ಟಿ ಕೊಂಡವರನ್ನು ಕಂಡರೆ ಇವತ್ತು ಇವರ ಮನೆಯಲ್ಲಿ ಕೋಳಿ ಎಂದು ಊರಿಗೇ ಗೊತ್ತಾಗುತ್ತಿತ್ತು. ಹೀಗಿರುವಾಗ, ಮೊಟ್ಟೆ ಮುಟ್ಟದ ಮನುಷ್ಯ, ನಮ್ಮ ಹುಂಜ ಕಾಣೆಯಾದ ದಿನವೇ, ಎರಡು ಕಟ್ಟು ರೊಟ್ಟಿ!

“ನೋಡಿದೆಯಾ?” ಎಂದಳು ಅಕ್ಕ.

ಮನೆಗೆ ಬಂದು ಪಾಗಾರ ಹತ್ತಿ ನೋಡಿದರೆ ಅವರ ಕಿಟಕಿಗಳೆಲ್ಲ ಮುಚ್ಚಿವೆ. ಕಾಪುವಿನ ಆ ಸೆಕೆಗೆ! ನಿನ್ನೆಯವರೆಗೆ ಸಮುದ್ರದ ಕಡೆಗೆ ಬಾಯಿ ತೆರೆದುಕೊಂಡಿದ್ದ ಕಿಟಕಿಗಳು.

“ಕೋಳಿಸಾರಿನ ವಾಸನೆ ಹೊರಗೆ ಬರಬಾರದು ಅಂತ” ಎಂದಳು ಅಕ್ಕ.

ತಮ್ಮ ಅಳಲು ಸುರು ಮಾಡಿದ. “ತಿಂದ್ರಾ?”

“ಸುಮ್ಮನಿರು ಮಾರಾಯ. ನಾಳೆ ಹೋಗಿ ನೋಡುವ.”

ಭಾನುವಾರ ಬೆಳಿಗ್ಗೆ ಅಜ್ಜಿ ಗುಜ್ಜೆಯ ಪಲ್ಯ ಮಾಡಿದ್ದರು, ಎಳೆ ಹಲಸಿನಕಾಯಿಯದ್ದು. ಸಾರ್ ಮನೆಗೆ ಸ್ವಲ್ಪ ಕೊಟ್ಟು ಬರುತ್ತೇವೆ ಎಂದು ಅಕ್ಕ ತಟ್ಟೆ ಹಿಡಿದಳು. ಇಷ್ಟು ದಿನ ಇಲ್ಲದ ಅವಳ ಪರೋಪಕಾರ ಕಂಡು ಅಜ್ಜಿಗೆ ಸಂತೋಷವಾಯಿತು. ಚಿಕ್ಕಮ್ಮ ಮಾತ್ರ, “ಈಗ ಬೇಡ, ಭಾನುವಾರ ಅವರು ತಡವಾಗಿ ಏಳ್ತಾರೆ” ಎಂದರು.

“ನಿಮಗೆ ಹೇಗೆ ಗೊತ್ತು?” ಎಂದಳು ಅಕ್ಕ.

“ಬಾಯಮ್ಮ ಹೇಳಿದ್ದು” ಎಂದು ಚಿಕ್ಕಮ್ಮ ಸೌತೆಕಾಯಿ ಹೆಚ್ಚಲು ಕೂತರು.

ನಾವು ಹೋದೆವು. ಪರ ಊರಿನವರೊಡನೆ ಮಾತನಾಡಲು ಅಕ್ಕನಿಗೆ ಇದ್ದದ್ದು ಪಾಠಪುಸ್ತಕದ ಕನ್ನಡ. ಬಾಗಿಲು ತೆರೆದೊಡನೆ ಒಂದೇ ಉಸಿರಿನಲ್ಲಿ, “ನಮ್ಮ ಅಜ್ಜಿಯವರು ತಮಗೆ ಪಲ್ಯವನ್ನು ಕಳುಹಿಸಿರುತ್ತಾರೆ” ಎಂದಳು.

ಸಾರ್ ಬೆರಗಾದರು. “ಅಯ್ಯಯ್ಯೋ, ಬನ್ನಿ ಬನ್ನಿ. ಏನ್ ಚೆನ್ನಾಗಿ ಮಾತಾಡ್ತೀಯಮ್ಮ, ರೇಡಿಯೋ ವಾರ್ತೆ ಕೇಳಿದಂಗಾಯ್ತು!”

ಒಳಗೆ ಮಬ್ಬು ಕತ್ತಲೆ. ಮೇಜಿನ ಮೇಲೆ ರೊಟ್ಟಿಯ ಕಟ್ಟು ಬಿಚ್ಚಿತ್ತು. ಅದರ ಪಕ್ಕದಲ್ಲಿ ಒಂದು ಲೋಟ ಕಾಫಿ. ನಾವು ನೋಡುತ್ತಿದ್ದಂತೆಯೇ ಸಾರ್ ಒಂದು ತುಂಡು ರೊಟ್ಟಿ ಮುರಿದು, ಕಾಫಿಯಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡರು.

ಅಕ್ಕನಿಗೆ ಯಾವ ಕನ್ನಡವೂ ಉಳಿಯಲಿಲ್ಲ.

“ಏನಾಯ್ತು? ತಗೊಳ್ಳಿ, ನೀವೂ ತಿನ್ನಿ. ನಿಮ್ಮೂರಿನ ಈ ಟೋಸ್ಟು ಬಹಳ ಚೆನ್ನಾಗಿದೆ. ಸ್ವಲ್ಪ ಉಪ್ಪು ಕಮ್ಮಿ, ಅಷ್ಟೆ.”

ತಮ್ಮ ಒಂದು ತುಂಡು ತೆಗೆದುಕೊಂಡ, ಅದ್ದಿದ, ತಿಂದ. ಇನ್ನೊಂದು ತೆಗೆದುಕೊಂಡ. ಅಷ್ಟು ದಿನಗಳಲ್ಲಿ ಅವನು ತಾನಾಗಿ ತಿಂದದ್ದು ಅದೇ ಮೊದಲು. ನಾನೂ ರುಚಿ ನೋಡಿದೆ. ಚೆನ್ನಾಗಿತ್ತೆಂದು ಹೇಳಲು ನನಗೆ ಇಂದಿಗೂ ಸ್ವಲ್ಪ ನಾಚಿಕೆ.

ಆಗಲೇ ತಮ್ಮ, “ಅದು ನಮ್ಮದು” ಎಂದು ಸಾರ್ ಅಂಗಿಯ ಜೇಬು ತೋರಿಸಿದ. ಅಲ್ಲಿ ಪೆನ್ನಿನ ಪಕ್ಕದಲ್ಲಿ ಒಂದು ಗರಿ ಇತ್ತು. ಕೆಂಪು ಗರಿ. ಹುಂಜ ಕಪ್ಪಾಗಿತ್ತೆಂಬ ಅಕ್ಕನ ಮಾತು ನಿಜವಾದರೆ ಆ ಗರಿಯೂ ಕಪ್ಪಾಗಿರಬೇಕು, ಹಾಗಿದ್ದರೆ ಅದು ಕಾಗೆಯದ್ದೂ ಆಗಿರಬಹುದು.

“ಇದಾ? ಪಾಗಾರದ ಮೇಲೆ ಬಿದ್ದಿತ್ತಪ್ಪ” ಎಂದ ಸಾರ್ ಅದನ್ನು ತೆಗೆದು ಕಿವಿಯಲ್ಲಿ ತಿರುವಿ, ಸುಖದಿಂದ ಒಂದು ಕಣ್ಣು ಮುಚ್ಚಿದರು. “ಕಿವಿಗೆ ಒಳ್ಳೇದು.”

ಒಳಕೋಣೆಯ ಬಾಗಿಲು ಮುಚ್ಚಿತ್ತು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಒತ್ತಿಟ್ಟಿದ್ದರು. ಅಕ್ಕ ಚೇತರಿಸಿಕೊಂಡು ತನ್ನ ವಿದ್ಯೆ ಪ್ರಯೋಗಿಸಿದಳು.

“ಹುಂಜ ಒಳಗೆ ಎಂತ ಮಾಡ್ತಾ ಉಂಟು ಸಾರ್?”

ಸಾರ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. “ಹುಂಜ ಇದ್ದಿದ್ರೆ ಕೂಗ್ತಿರಲಿಲ್ವೇನಮ್ಮ?”

ಅದು ಸರಿಯಾದ ಮಾತು. ಬೆಳಗಾಗುವಾಗ ಇಡೀ ಕೇರಿಯನ್ನು ಎಬ್ಬಿಸುತ್ತಿದ್ದ ಹುಂಜ ಪಾಗಾರದಾಚೆಯಿಂದ ಒಮ್ಮೆಯೂ ಕೂಗಿರಲಿಲ್ಲ. ನಾವು ತಟ್ಟೆ ಹಿಡಿದು ಹೊರಬಂದೆವು. ಖಾಲಿ ತಟ್ಟೆ ಹಿಂದೆ ಕೊಡಬಾರದೆಂದು ಸಾರ್ ಅದರಲ್ಲಿ ಒಂದು ರೊಟ್ಟಿ ಇಟ್ಟಿದ್ದರು. ಅದನ್ನು ದಾರಿಯಲ್ಲೇ ತಮ್ಮ ತಿಂದ.

“ಅವರಲ್ಲ” ಎಂದು ಅಕ್ಕ ತೀರ್ಪು ಕೊಟ್ಟಳು.

“ಹೇಗೆ ಹೇಳ್ತಿ?”

“ರೊಟ್ಟಿಯನ್ನು ಕಾಫಿಗೆ ಅದ್ದುವ ಮನುಷ್ಯನಿಗೆ ಕೋಳಿಸಾರು ಅಂದ್ರೆ ಎಂತ ಅಂತಲೇ ಗೊತ್ತಿಲ್ಲ. ಅವರು ಕೋಳಿ ಯಾಕೆ ಕದೀತಾರೆ?”

ನಮಗೆ ಅದರಲ್ಲಿ ಯಾವ ಲೋಪವೂ ಕಾಣಲಿಲ್ಲ. ಕೋಳಿಯನ್ನು ತಿನ್ನಲಿಕ್ಕಲ್ಲದೆ ಬೇರೆ ಕಾರಣಕ್ಕೂ ಒಬ್ಬರು ಕದಿಯಬಹುದು ಎಂಬುದು ನಮ್ಮ ಮೂರು ತಲೆಗಳಿಗೂ ಹೊಳೆಯಲಿಲ್ಲ.

ಹೊಳೆಯಿಸಿದವನು ಬಸ್ಸಿನ ಕಂಡಕ್ಟರ್. ಅವನ ಮನೆ ನಮ್ಮ ಕೇರಿಯಲ್ಲೇ ಇತ್ತು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕೆಲಸ. ಎರಡು ದಿನ ಬಿಟ್ಟು ರಜೆಯಲ್ಲಿದ್ದವನು ಅಜ್ಜಿಯ ಚಾವಡಿಯಲ್ಲಿ ಕೂತು ವೀಳ್ಯ ಹಾಕುತ್ತಾ ನಗಲು ಸುರು ಮಾಡಿದ.

“ನಿನ್ನೆ ನಮ್ಮ ಬಸ್ಸಿನಲ್ಲಿ ಒಂದು ಹುಂಜ. ಹಿರಿಯಡ್ಕದವರೆಗೆ ಉಸಿರಿಲ್ಲ, ಅಲ್ಲಿ ಯಾರೋ ಚೀಲದ ಬಾಯಿ ಬಿಚ್ಚಿದ್ದೇ ಬಿಚ್ಚಿದ್ದು, ಕೊಕ್ಕೋಕ್ಕೋ! ಡ್ರೈವರ್ ಹಾರಿಬಿದ್ದ.”

“ಹಿರಿಯಡ್ಕದ ಕೋಳಿ ಅಂಕಕ್ಕೆ ಇರಬೇಕು” ಎಂದರು ಅಜ್ಜಿ. ಕಾದಾಟಕ್ಕೆ ಬಸ್ಸಿನಲ್ಲಿ ಹುಂಜ ಹೋಗುವುದು ಹೊಸತಲ್ಲ.

“ಎಂತದು ಅಂಕ! ಆ ಜನ ಹುಂಜಕ್ಕೆ ರೊಟ್ಟಿ ತಿನ್ನಿಸ್ತಾರೆ! ಪುಡಿ ಮಾಡಿ, ಕೈಯಲ್ಲಿ ಹಿಡಿದು. ನಾನು ಕೇಳಿದೆ, ಸಾರ್, ನಾವು ರೊಟ್ಟಿಗೆ ಕೋಳಿ ಹಾಕುವುದು, ನೀವು ಕೋಳಿಗೆ ರೊಟ್ಟಿ ಹಾಕುವುದಾ ಅಂತ.”

“ಸಾರ್?” ಎಂದಳು ಅಕ್ಕ. “ಯಾವ ಸಾರ್?”

“ಇವರೇ, ಪಾಗಾರದಾಚೆಯ ಕನ್ನಡಕದವರು. ಮತ್ತೆ ಅವರ ಪಕ್ಕದಲ್ಲಿ…”

ಅಷ್ಟರಲ್ಲಿ ಅವನ ಕಣ್ಣು ನಮ್ಮ ತಲೆಯ ಮೇಲಿಂದ ಬಾಗಿಲಿನ ಕಡೆಗೆ ಹೋಯಿತು. ನಾನು ತಿರುಗಿ ನೋಡಿದೆ. ಆಫೀಸಿಗೆ ಹೊರಟ ಚಿಕ್ಕಮ್ಮ ಕೊಡೆ ಹಿಡಿದು ನಿಂತಿದ್ದರು.

“ಪಕ್ಕದಲ್ಲಿ ಯಾರು?” ಎಂದು ಅಕ್ಕ ಪಟ್ಟು ಹಿಡಿದಳು.

“ಯಾರೂ ಇಲ್ಲ. ಖಾಲಿ ಸೀಟು. ಅಜ್ಜೀ, ಸ್ವಲ್ಪ ಸುಣ್ಣ ಕೊಡಿ.”

ಅಕ್ಕ ಅಜ್ಜಿಯ ಕಡೆಗೆ ತಿರುಗಿದಳು. “ಅಜ್ಜೀ, ನಮ್ಮ ಹುಂಜ! ಕಾರ್ಕಳದಲ್ಲಿ ಉಂಟು! ಹೋಗಿ ತರುವ!”

ಅಜ್ಜಿ ಸುಣ್ಣದ ಡಬ್ಬಿ ಮುಚ್ಚಿದರು. ಚಿಕ್ಕಮ್ಮನನ್ನು ಒಮ್ಮೆ ನೋಡಿದರು. ಆಮೇಲೆ ತಮ್ಮನನ್ನು. ಅವನು ಮೆಟ್ಟಿಲಲ್ಲಿ ಕೂತು ಬೆಳಗ್ಗಿನ ಗಂಜಿಯನ್ನು ತಟ್ಟೆ ಎತ್ತಿ ಕುಡಿಯುತ್ತಿದ್ದ.

“ಬಸ್ಸಿನಲ್ಲಿ ಹೋದ ಹುಂಜ ನಮ್ಮದಲ್ಲ” ಎಂದರು ಅಜ್ಜಿ. “ನಮ್ಮದನ್ನು ಕಬ್ಬೆಕ್ಕು ಹಿಡಿದಿರಬೇಕು.”

ಅಜ್ಜಿಯ ಮಾತಿನ ಮೇಲೆ ಪತ್ತೇದಾರಿ ಮಾಡುವ ಧೈರ್ಯ ಅಕ್ಕನಿಗೂ ಇರಲಿಲ್ಲ.

ಆದರೆ ತಮ್ಮನ ಲೆಕ್ಕ ಬಾಕಿ ಇತ್ತು. ಹುಂಜ ಬದುಕಿದ್ದರೆ ಅವನಿಗೆ ಜ್ವರ, ಅಕ್ಕನೇ ಹೇಳಿದ್ದಾಳೆ. ಅವನು ಈಗ ತಿನ್ನುತ್ತಿದ್ದ, ಆಡುತ್ತಿದ್ದ, ನಡುನಡುವೆ ಬಂದು ಹಣೆ ಚಾಚುತ್ತಿದ್ದ. ನೇಮ ಹತ್ತಿರ ಬಂದಂತೆ ಚಾಚುವುದು ಹೆಚ್ಚಾಯಿತು. ಅಕ್ಕ ತಾನು ಹೇಳಿದ್ದು ತಮಾಷೆಗೆ ಎಂದು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಅವಳು ತಮಾಷೆ ಮಾಡುವವಳಲ್ಲವೆಂದು ಅವನಿಗೆ ಗೊತ್ತಿತ್ತು.

ನೇಮದಂದು ನಮ್ಮನ್ನು ಎಬ್ಬಿಸಿ ಕರೆದುಕೊಂಡು ಹೋದದ್ದು ಬೆಳಕು ಹರಿಯುವ ಹೊತ್ತಿಗೆ, ಹರಕೆಗಳು ಸಲ್ಲುವ ಸಮಯಕ್ಕೆ. ಅಜ್ಜಿ ಬೇರೊಂದು ಹುಂಜವನ್ನು ತಂದು ಕೈಮುಗಿದು ನಿಂತರು. ಗುರುತು ಮಾಡಿದ್ದು ಕೈತಪ್ಪಿ ಹೋಯಿತು, ತಪ್ಪಾಯಿತು, ಇದನ್ನು ಒಪ್ಪಿಸಿಕೊಳ್ಳಬೇಕು ಎಂದರು. ತೆಂಬರೆಯ ಬಡಿತ ನಿಂತಿತು. ದೈವ “ಮಗು ಎಲ್ಲಿ?” ಎಂದಿತು.

ತಮ್ಮನನ್ನು ಮುಂದೆ ತಳ್ಳಿದರು. ಮುಖದ ಬಣ್ಣ, ಬೆನ್ನಿನ ಹಿಂದೆ ಕಟ್ಟಿದ ಎತ್ತರದ ಅಣಿ, ಕಾಲಿನ ಗಗ್ಗರ, ಎಲ್ಲದರ ಎದುರು ಅವನು ಮೊಣಕಾಲೆತ್ತರ ಕಂಡ. ಎಲ್ಲರೂ ಕೈಮುಗಿದು ನಿಂತಿದ್ದಾರೆ. ಅವನು ಮಾತ್ರ ಕತ್ತು ಚಾಚಿ, ಕೂದಲು ಹಿಂದಕ್ಕೆ ಸರಿಸಿ, ಸ್ಪಷ್ಟವಾಗಿ ಕೇಳಿದ:

“ಜ್ವರ ಉಂಟಾ ನೋಡಿ.”

ದೈವ ಬಾಗಿತು, ಗಗ್ಗರ ಝಲ್ಲೆಂದಿತು. ಅಂಗೈಯನ್ನು ಅವನ ಹಣೆಯ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿಯಿತು.

“ಇಲ್ಲ” ಎಂದಿತು ದೈವ. “ಇವನ ಹುಂಜ ನನಗೆ ಸಂದಿದೆ.”

ಅಂದಿನಿಂದ ತಮ್ಮ ಯಾರಿಗೂ ಹಣೆ ಚಾಚಲಿಲ್ಲ. ಅಕ್ಕ ಮಾತ್ರ ದಾರಿಯುದ್ದಕ್ಕೂ ಗೊಣಗುತ್ತಿದ್ದಳು. ದೈವವೂ ಕಾರ್ಕಳದ ಬಸ್ಸಿನ ವಿಷಯ ಬಾಯಿ ಬಿಡಲಿಲ್ಲವಲ್ಲ ಎಂದು. ಚಿಕ್ಕಮ್ಮ ಅವಳ ಮುಂದೆ ನಡೆಯುತ್ತಾ ಸೆರಗಿನಿಂದ ಮುಖ ಒರೆಸಿಕೊಂಡರು. ನಗು ಒರೆಸಿಕೊಂಡರೋ ಮತ್ತೇನೋ, ನನಗೆ ಕಂಡದ್ದು ಅವರ ಬೆನ್ನು ಮಾತ್ರ.

ಮಳೆಗಾಲಕ್ಕೆ ಮೊದಲೇ ಸಾರ್ ಮನೆ ಖಾಲಿ ಮಾಡಿದರು. ಕಾರ್ಕಳದ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತಂತೆ. ಆಮೇಲೆ ಘಟ್ಟದ ಮೇಲೆ ಹೋದರೆಂದು ಬಾಯಮ್ಮ ಹೇಳಿದರು. ಚಿಕ್ಕಮ್ಮನಿಗೆ ಮದುವೆಯಾದದ್ದು ಅದಾಗಿ ಕೆಲವು ವರ್ಷಗಳ ಮೇಲೆ, ಕಾರ್ಕಳದ ಒಬ್ಬ ಬ್ಯಾಂಕ್ ಉದ್ಯೋಗಿಯ ಜೊತೆ. ಇದರಿಂದ ಏನನ್ನೂ ಊಹಿಸಬಾರದು. ಕಾರ್ಕಳ ಅಷ್ಟು ಸಣ್ಣ ಊರೇನಲ್ಲ.

ಯೂನಿವರ್ಸಿಟಿಯಲ್ಲಿ ಓದುವಾಗ ನನಗೆ ಡೈರಿ ಬರೆಯುವ ಅಭ್ಯಾಸವಾಯಿತು, ಅದರ ಜೊತೆಗೆ ಹಳೆಯದನ್ನೆಲ್ಲ ಅನುಮಾನಿಸುವ ಅಭ್ಯಾಸವೂ. ಒಂದು ದಿನ ಹಾಸ್ಟೆಲಿನ ಕೋಣೆಯಲ್ಲಿ ಆ ಮುಚ್ಚಿದ ಕಿಟಕಿಗಳು ನೆನಪಾದವು. ಕತ್ತಲೆಯಲ್ಲಿಟ್ಟರೆ ಹುಂಜ ಕೂಗುವುದಿಲ್ಲ. ಅಂಕಕ್ಕೆ ಒಯ್ಯುವವರು ಅದಕ್ಕೇ ಬುಟ್ಟಿಯ ಮೇಲೆ ಗೋಣಿ ಮುಚ್ಚುವುದು. ನಮ್ಮ ಕಡೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಕೋಳಿಯನ್ನು ದೂರದಿಂದಷ್ಟೇ ಕಂಡಿದ್ದ, ರೊಟ್ಟಿಯನ್ನು ಟೋಸ್ಟ್ ಎಂದುಕೊಂಡಿದ್ದ ಮನುಷ್ಯನಿಗೆ ಅದನ್ನು ಹೇಳಿಕೊಟ್ಟವರು ಯಾರು? ಗೂಡಿನ ಬಾಗಿಲು ತೆರೆದರೂ ಹೇಂಟೆಗಳು ಗಲಾಟೆ ಮಾಡದಿರಬೇಕಾದರೆ ಆ ಕೈ ಅವುಗಳಿಗೆ ಪರಿಚಯದ್ದೇ ಇರಬೇಕಲ್ಲ?

ಎಂಬತ್ತರ ದಶಕದ ಕೊನೆಗೆ ಒಂದು ರಜೆಯಲ್ಲಿ ಕಾರ್ಕಳಕ್ಕೆ ಹೋದೆ. ಚಿಕ್ಕಮ್ಮನ ಮನೆಯ ಹಿತ್ತಿಲಲ್ಲಿ ಕೋಳಿಗಳಿದ್ದವು. ಅವುಗಳಲ್ಲಿ ಕೆಲವು ಕೆಂಪು. ಕೆಲವು ಕಪ್ಪೂ ಇದ್ದವು, ಅಕ್ಕನಿಗೆ ಅನ್ಯಾಯವಾಗಬಾರದೆಂದು ಬರೆಯುತ್ತಿದ್ದೇನೆ. ಸಂಜೆ ಚಿಕ್ಕಮ್ಮ ಕಾಫಿ ತಂದರು. ಮಧ್ಯಾಹ್ನ ಉಳಿದಿದ್ದ ರೊಟ್ಟಿಯ ಡಬ್ಬಿ ಮೇಜಿನ ಮೇಲೆಯೇ ಇತ್ತು. ಮಾತನಾಡುತ್ತಾ, ತಮಗೇ ಗೊತ್ತಿಲ್ಲದವರ ಹಾಗೆ, ಅವರು ಒಂದು ತುಂಡು ಮುರಿದು ಕಾಫಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು.

ನಾನು ಲೋಟ ಕೆಳಗಿಟ್ಟೆ. ಅದೇನೂ ಸಾಕ್ಷಿಯಲ್ಲ ಎಂದು ಬಲ್ಲೆ. ಸಾರ್ ರೊಟ್ಟಿ ಅದ್ದಿದ ಕತೆಯನ್ನು ನಾವು ಮನೆಯಲ್ಲಿ ನಟಿಸಿ ತೋರಿಸಿದ್ದು ಎಷ್ಟು ಸಲವೋ. ಅದನ್ನು ಕೇಳಿ ಕೇಳಿಯೇ ಅವರು ಕಲಿತಿರಬಹುದು. ಆದರೂ ಅಕ್ಕನ ಹಳೆಯ ವಿದ್ಯೆ ನಾಲಿಗೆಯ ತುದಿಗೆ ಬಂದಿತ್ತು. ಕೇಳಿಬಿಟ್ಟೆ. ಚಿಕ್ಕಮ್ಮ ನನ್ನನ್ನು ನೋಡಿದರು, ಹಿತ್ತಿಲ ಕಡೆ ನೋಡಿದರು, ಇನ್ನೊಂದು ತುಂಡು ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಆಮೇಲೆಯೂ ಸಿಕ್ಕಾಗಲೆಲ್ಲ ಕೇಳಿದ್ದೇನೆ, ಪ್ರತಿಸಲ ತಿನ್ನಲು ಏನಾದರೂ ಸಿಗುತ್ತದೆ, ಉತ್ತರ ಸಿಕ್ಕಿಲ್ಲ. ನಾನು ಕೇಳಿದ್ದು ಇಷ್ಟೇ:

“ಚಿಕ್ಕಮ್ಮಾ, ಆ ಹುಂಜ ಕಾರ್ಕಳದಲ್ಲಿ ಎಷ್ಟು ವರ್ಷ ಬದುಕಿತು?”